‘ಬೇರೆ ಪಾರ್ಟಿ ಉಂಟು’: ಮನೆ ಕೊಳ್ಳುವಾಗ ದಲ್ಲಾಳಿಯ ಮಾತನ್ನು ಎಷ್ಟು ನಂಬಬೇಕು?

(ಮನೆ ಮತ್ತು ಫ್ಲ್ಯಾಟ್ ಕೊಳ್ಳಲು ಹೊರಟವರಿಗಾಗಿ ಮಂಗಳೂರಿನಲ್ಲಿ ಏರ್ಪಡಿಸಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.)

ಸಭಿಕರಿಗೆ ನಮಸ್ಕಾರ. ಮನೆ ಕೊಳ್ಳುವ ವಿಚಾರದಲ್ಲಿ ಮಾತನಾಡಬೇಕಾದ ಸಂಗತಿಗಳು ಹಲವು ಇದ್ದರೂ ಈ ಸಂಜೆ ಒಂದನ್ನು ಮಾತ್ರ ಎತ್ತಿಕೊಂಡಿದ್ದೇನೆ. ಕುಲಶೇಖರದಲ್ಲೋ ಕಾವೂರಿನಲ್ಲೋ ಅಥವಾ ಉಡುಪಿಯ ಸಂತೆಕಟ್ಟೆಯಲ್ಲೋ ನೀವು ಒಂದು ಮನೆಯನ್ನು ನೋಡಿ ಬಂದಿದ್ದೀರಿ, ಮನೆಮಂದಿಗೆಲ್ಲ ಒಪ್ಪಿಗೆಯಾಗಿದೆ, ಎಂಬತ್ತು ಲಕ್ಷದ ಆಸುಪಾಸಿನಲ್ಲಿ ಬೆಲೆಯ ಮಾತು ಅರ್ಧಕ್ಕೆ ನಿಂತಿದೆ. ಎರಡು ದಿನ ಬಿಟ್ಟು ದಲ್ಲಾಳಿಯ ಫೋನ್ ಬರುತ್ತದೆ: “ಸರ್, ಆ ಮನೆಗೆ ಒಂದು ದುಬೈ ಪಾರ್ಟಿ ಬಂದಿದೆ. ಎಂಬತ್ತೈದಕ್ಕೆ ರೆಡಿ ಉಂಟು. ನಾಳೆ ಬೆಳಿಗ್ಗೆ ಟೋಕನ್ ಕೊಡ್ತೇನೆ ಅಂತ ಹೇಳಿದ್ದಾರೆ. ನೀವು ಮೊದಲು ನೋಡಿದವರು ಅಂತ ನಾನು ಅವರನ್ನು ನಿಲ್ಲಿಸಿ ಇಟ್ಟದ್ದು ಮಾರಾಯ್ರೆ, ಇವತ್ತು ರಾತ್ರಿಯೊಳಗೆ ಒಂದು ಮಾತು ಹೇಳಿ.” ಈ ದುಬೈ ಪಾರ್ಟಿ ನಿಜವಾಗಿಯೂ ಇದೆಯೇ, ಅದನ್ನು ತಿಳಿಯುವ ಬಗೆ ಹೇಗೆ, ಇದ್ದರೂ ಇಲ್ಲದಿದ್ದರೂ ನೀವು ಮಾಡಬೇಕಾದದ್ದೇನು ಎಂಬುದಷ್ಟೇ ನನ್ನ ವಿಷಯ.

ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾದ್ದರಿಂದ, ಇಂಥ ಕರೆ ಬಂದ ಮರುದಿನ ಜನ ಯಾವ ಸ್ಥಿತಿಯಲ್ಲಿ ಬ್ಯಾಂಕಿಗೆ ಬರುತ್ತಾರೆಂಬುದನ್ನು ನಾನು ನೋಡಿದ್ದೇನೆ. ವಕೀಲರ ಅಭಿಪ್ರಾಯ ಬಂದಿರುವುದಿಲ್ಲ, ಸಾಲ ಮಂಜೂರಾಗಲು ಇನ್ನೂ ವಾರಗಳು ಬೇಕು, ಆದರೂ ಕೈಯಲ್ಲಿ ಟೋಕನ್, ಅಂದರೆ ಮುಂಗಡ ಹಣದ, ರಸೀದಿ ಇರುತ್ತದೆ. ಕೇಳಿದರೆ, “ನಿನ್ನೆ ಕೊಡದಿದ್ದರೆ ಮನೆ ಹೋಗುತ್ತಿತ್ತು” ಎನ್ನುತ್ತಾರೆ. ಹಾಗೆಂದು ದಲ್ಲಾಳಿಗಳನ್ನು ದೂರುವುದಕ್ಕೆ ನಾನು ಇಲ್ಲಿ ನಿಂತಿಲ್ಲ. ಮನೆಯ ಒಡೆಯರು ಮುಂಬೈಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುವುದು ಸಾಮಾನ್ಯವಾಗಿರುವ ನಮ್ಮ ಜಿಲ್ಲೆಗಳಲ್ಲಿ ಬೀಗದ ಕೈ ಇಟ್ಟುಕೊಂಡು ಹತ್ತು ಜನರಿಗೆ ಮನೆ ತೋರಿಸುವ, ಕುಟುಂಬದ ಪಾಲುದಾರರನ್ನು ಸಹಿಗೆ ಒಂದೆಡೆ ಸೇರಿಸುವ ಕೆಲಸವನ್ನು ಅವರಲ್ಲದೆ ಬೇರೆ ಯಾರೂ ಮಾಡುವುದಿಲ್ಲ. ಆದರೆ ‘ಈ ದಲ್ಲಾಳಿ ಒಳ್ಳೆಯವರೇ’ ಎಂಬ ಪ್ರಶ್ನೆಯಿಂದ ಹೊರಟರೆ ನಾವು ಎಲ್ಲಿಗೂ ಮುಟ್ಟುವುದಿಲ್ಲ. ಆ ಮಾತನ್ನು ಹೇಳುವುದರಿಂದ ಅವರಿಗೆ ಸಿಗುವುದೇನು ಎಂಬಲ್ಲಿಂದ ಹೊರಡುವುದು ಒಳ್ಳೆಯದು.

ಮೊದಲು ಕಮಿಷನ್ನಿನ ಲೆಕ್ಕವನ್ನೇ ನೋಡೋಣ. ದರ ಶೇಕಡಾ 2 ಎಂದಿಟ್ಟುಕೊಳ್ಳಿ. 80 ಲಕ್ಷದ ಮನೆಗೆ 1.60 ಲಕ್ಷ ರೂಪಾಯಿ ಆಗುತ್ತದೆ. ಅದೇ ಮನೆ 85 ಲಕ್ಷಕ್ಕೆ ಹೋದರೆ 1.70 ಲಕ್ಷ. ನಿಮ್ಮ ಜೇಬಿನಿಂದ ಐದು ಲಕ್ಷ ಹೆಚ್ಚು ಹೋದಾಗ ದಲ್ಲಾಳಿಗೆ ಹೆಚ್ಚು ಸಿಗುವುದು ಹತ್ತು ಸಾವಿರ. ಈ ಹತ್ತು ಸಾವಿರಕ್ಕಾಗಿ ವ್ಯವಹಾರವನ್ನೇ ಮುರಿದುಕೊಳ್ಳುವ ಅಪಾಯವನ್ನು ಯಾವ ಅನುಭವಸ್ಥರೂ ಮೈಮೇಲೆ ಎಳೆದುಕೊಳ್ಳುವುದಿಲ್ಲ. ಅವರಿಗೆ ಬೇಕಾದದ್ದು ಈ ತಿಂಗಳೇ ವ್ಯವಹಾರ ಮುಗಿಯುವುದು, ಮುಗಿದರೆ 1.60 ಲಕ್ಷ, ಮುಗಿಯದಿದ್ದರೆ ಸೊನ್ನೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಬೇರೆ ಬದಿಯಿಂದ ತೋರಿಸಿತು. ಷಿಕಾಗೊ ಪ್ರದೇಶದ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿದಾಗ, ಏಜೆಂಟರು ತಮ್ಮ ಸ್ವಂತ ಮನೆಯನ್ನು ಮಾರುವಾಗ ಅದನ್ನು ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾಲ ಮಾರುಕಟ್ಟೆಯಲ್ಲಿ ಇಟ್ಟುಕೊಂಡು ಶೇಕಡಾ 3.7ರಷ್ಟು ಹೆಚ್ಚಿನ ಬೆಲೆ ಪಡೆದದ್ದು ಕಂಡುಬಂತು. ತಮ್ಮ ಮನೆಗಾದರೆ ಕಾಯುತ್ತಾರೆ. ಗಿರಾಕಿಯ ಮನೆಗಾದರೆ ಬೇಗ ಮುಗಿಸುತ್ತಾರೆ. ಷಿಕಾಗೊದ ಅಂಕಿಗಳು ಮಂಗಳೂರಿಗೆ ಹಾಗೆಯೇ ಹೊಂದುವುದಿಲ್ಲ, ಆದರೆ ಕಮಿಷನ್ನಿನ ಸೆಳೆತ ಎರಡೂ ಕಡೆ ಒಂದೇ. ಇದರಿಂದ ನಾನು ತೆಗೆಯುವ ತೀರ್ಮಾನವೆಂದರೆ, ಇನ್ನೊಂದು ಪಾರ್ಟಿಯ ಸುದ್ದಿ ಬಹುಪಾಲು ಸಂದರ್ಭಗಳಲ್ಲಿ ಬೆಲೆ ಏರಿಸುವುದಕ್ಕಿಂತ ಹೆಚ್ಚಾಗಿ ನಿಮ್ಮನ್ನು ಅವಸರಪಡಿಸುವುದಕ್ಕೆ ಬರುತ್ತದೆ. ಆದ್ದರಿಂದ ನೀವು ಕಾಪಾಡಿಕೊಳ್ಳಬೇಕಾದದ್ದು ಮುಖ್ಯವಾಗಿ ನಿಮ್ಮ ಸಮಯವನ್ನು.

ಈ ಲೆಕ್ಕ ತಲೆಕೆಳಗಾಗುವ ಒಂದು ಸಂದರ್ಭವಿದೆ, ಅದು ನಮ್ಮಲ್ಲಿ ಅಪರೂಪವೂ ಅಲ್ಲ. ಮನೆಯ ಒಡೆಯರು ದಲ್ಲಾಳಿಯೊಡನೆ ಮಾತನಾಡುವಾಗ, “ನನ್ನ ಕೈಗೆ ಎಪ್ಪತ್ತೈದು ಬರಬೇಕು, ಮೇಲಿನದ್ದು ನೀವು ನೋಡಿಕೊಳ್ಳಿ” ಎಂದು ಹೇಳಿರುತ್ತಾರೆ. ಆಗ ಎಪ್ಪತ್ತೈದರ ಮೇಲಿನ ಒಂದೊಂದು ರೂಪಾಯಿಯೂ ದಲ್ಲಾಳಿಯದೇ. ನಿಮ್ಮ ಎಂಬತ್ತನ್ನು ಎಂಬತ್ತೈದಕ್ಕೆ ಏರಿಸಿದರೆ ಹತ್ತು ಸಾವಿರದ ಬದಲು ಪೂರ್ತಿ ಐದು ಲಕ್ಷ ಅವರ ಪಾಲಿಗೆ ಬರುತ್ತದೆ, ಮತ್ತು ದುಬೈ ಪಾರ್ಟಿಯನ್ನು ಸೃಷ್ಟಿಸುವುದಕ್ಕೆ ಐದು ಲಕ್ಷ ಸಾಕಷ್ಟು ದೊಡ್ಡ ಕಾರಣ. ಇಂಥ ಒಪ್ಪಂದದಲ್ಲಿ ಒಡೆಯರನ್ನೂ ಕೊಳ್ಳುವವರನ್ನೂ ನೋಂದಣಿಯ ದಿನದವರೆಗೆ ಮುಖಾಮುಖಿಯಾಗಲು ಬಿಡದಿರುವುದು ದಲ್ಲಾಳಿಗೆ ಅನಿವಾರ್ಯ. ಆದ್ದರಿಂದ ‘ನಿಮ್ಮ ಕಮಿಷನ್ ಶೇಕಡಾವಾರೋ ಅಥವಾ ಮೇಲಿನ ಹಣವೋ’ ಎಂದು ದಲ್ಲಾಳಿಯನ್ನು ಮೊದಲ ದಿನವೇ ಕೇಳಿ. ನೇರ ಉತ್ತರ ಸಿಗುವುದು ಕಷ್ಟ, ಆದರೆ ‘ಒಡೆಯರೊಡನೆ ಒಮ್ಮೆ ಕುಳಿತು ಮಾತನಾಡಬಹುದೇ’ ಎಂಬ ಎರಡನೆಯ ಪ್ರಶ್ನೆಗೆ ಸಿಗುವ ಪ್ರತಿಕ್ರಿಯೆಯಿಂದ ಮೊದಲನೆಯದರ ಉತ್ತರ ಬಹುಮಟ್ಟಿಗೆ ತಿಳಿಯುತ್ತದೆ. ತಮ್ಮನ್ನು ಬದಿಗಿಟ್ಟು ಎರಡೂ ಕಡೆಯವರು ವ್ಯವಹಾರ ಮುಗಿಸಿಬಿಡುತ್ತಾರೆಂಬ ಭಯ ದಲ್ಲಾಳಿಗಳಿಗೆ ಇದೆ, ಅದಕ್ಕೆ ಕಾರಣವೂ ಇದೆ. ಹಾಗಾಗಿ ಒಡೆಯರನ್ನು ಕಾಣುವ ಮೊದಲು, ಈ ಮನೆ ಕೊಂಡರೆ ನಿಮಗೆ ಇಂತಿಷ್ಟು ಕಮಿಷನ್ ಕೊಡುತ್ತೇನೆಂದು ಬರೆದುಕೊಡಿ. ಅಷ್ಟಾದ ಮೇಲೂ ಒಡೆಯರ ಭೇಟಿಗೆ ದಾರಿ ತೆರೆಯದಿದ್ದರೆ ಅದು ಕಮಿಷನ್ ತಪ್ಪುವ ಭಯವಲ್ಲ.

ಸುಳ್ಳು ಹೇಳುವ ಉದ್ದೇಶ ಯಾರಿಗೂ ಇಲ್ಲದೆಯೇ ಸುಳ್ಳು ಹುಟ್ಟುವ ಬಗೆಯೂ ಒಂದಿದೆ. ನಮ್ಮಲ್ಲಿ ಒಂದು ಮನೆಯ ಮಾರಾಟ ಒಬ್ಬ ದಲ್ಲಾಳಿಯ ಕೈಯಲ್ಲಿ ಮಾತ್ರ ಇರುವುದು ಕಡಿಮೆ. ಒಡೆಯರು ಇಬ್ಬರಿಗೆ ಹೇಳಿರುತ್ತಾರೆ, ಆ ಇಬ್ಬರು ತಮ್ಮ ಪರಿಚಯದ ಮತ್ತಿಬ್ಬರಿಗೆ ತಿಳಿಸಿರುತ್ತಾರೆ, ಅದೇ ಮನೆಯ ಫೋಟೊ ನಾಲ್ಕು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಾಲ್ಕು ಬೆಲೆಗಳೊಡನೆ ಓಡಾಡುತ್ತಿರುತ್ತದೆ. ನೀವು ಬೆಂದೂರ್‌ವೆಲ್‌ನ ಒಬ್ಬ ದಲ್ಲಾಳಿಯ ಮೂಲಕ ಮನೆ ನೋಡಿ 78 ಎಂದಿರಿ. ನಿಮ್ಮ ಭಾವ ನಿಮಗಾಗಿಯೇ ತೊಕ್ಕೊಟ್ಟಿನ ಇನ್ನೊಬ್ಬರಲ್ಲಿ ವಿಚಾರಿಸಿ, “80ರವರೆಗೆ ಕೊಡಬಹುದು, ಬೇಗ ಹೇಳಿ” ಎಂದರು. ಎರಡನೆಯ ದಲ್ಲಾಳಿ ಇದನ್ನು ಒಡೆಯರಿಗೆ ಮುಟ್ಟಿಸುತ್ತಾರೆ, ಒಡೆಯರು ಮೊದಲನೆಯವರಿಗೆ ಫೋನ್ ಮಾಡಿ, 80ಕ್ಕೆ ಬೇರೆ ಪಾರ್ಟಿ ಇದೆಯೆಂದು ಹೇಳುತ್ತಾರೆ, ಮೊದಲನೆಯವರು ಪ್ರಾಮಾಣಿಕವಾಗಿಯೇ ಅದನ್ನು ನಿಮಗೆ ತಿಳಿಸುತ್ತಾರೆ. ನಿಮ್ಮೊಡನೆ ಪೈಪೋಟಿಗೆ ನಿಂತವರು ನೀವೇ. ಹೀಗೆ ಒಂದೇ ಕುಟುಂಬ ತನ್ನ ಬೆಲೆಯನ್ನು ತಾನೇ ಏರಿಸಿಕೊಂಡದ್ದನ್ನು ನಾನು ಸಾಲದ ಅರ್ಜಿಯ ಮೇಜಿನಲ್ಲಿ ಕುಳಿತು ಕಂಡಿದ್ದೇನೆ. ಒಂದು ಮನೆಯನ್ನು ಒಬ್ಬರ ಮೂಲಕ ಮಾತ್ರ ವಿಚಾರಿಸಬೇಕು, ಮನೆಯವರ ಪೈಕಿಯೂ ಒಬ್ಬರೇ ಮಾತನಾಡಬೇಕು ಎಂಬುದು ಇದರಿಂದ ಸ್ಪಷ್ಟ.

ಈಗ ಕಾನೂನಿನ ಕಡೆಗೆ ಸ್ವಲ್ಪ ತಿರುಗೋಣ. ಮಲ್ಪೆಯ ಬಂದರಿನಲ್ಲಿ ಬೆಳಿಗ್ಗೆ ಮೀನಿನ ಏಲಂ ನೋಡಿದವರಿಗೆ ಗೊತ್ತು: ಕೂಗುವವರು ಎದುರಿಗೇ ನಿಂತಿರುತ್ತಾರೆ, ಯಾರು ಎಷ್ಟು ಕೂಗಿದರೆಂಬುದು ಎಲ್ಲರ ಕಿವಿಗೂ ಬೀಳುತ್ತದೆ. ಚರ ವಸ್ತುಗಳ ಇಂಥ ಏಲಂಗಳಿಗೆ ಅನ್ವಯವಾಗುವ 1930ರ ಸರಕು ಮಾರಾಟ ಕಾಯ್ದೆಯ 64ನೆಯ ಕಲಂ, ಮಾರುವವನು ಬೆಲೆ ಏರಿಸಲು ಸುಳ್ಳು ಕೂಗುಗಾರರನ್ನು ನಿಲ್ಲಿಸಿದರೆ ಆ ಮಾರಾಟವನ್ನು ರದ್ದುಪಡಿಸುವ ಹಕ್ಕನ್ನು ಕೊಂಡವನಿಗೆ ಕೊಡುತ್ತದೆ. ಒಂದು ಬುಟ್ಟಿ ಬಂಗುಡೆಗೆ ಇರುವ ಈ ನೇರ ರಕ್ಷಣೆ ಮನೆಗೆ ಇಲ್ಲ, ಏಕೆಂದರೆ ಆ ಕಾಯ್ದೆ ಸ್ಥಿರಾಸ್ತಿಗೆ ಅನ್ವಯವಾಗುವುದಿಲ್ಲ. ಮನೆಯ ವಿಚಾರದಲ್ಲಿ ನಾವು 1872ರ ಕರಾರು ಕಾಯ್ದೆಯ ಮೊರೆ ಹೋಗಬೇಕು. ಅದರ 17ನೆಯ ಕಲಂ, ನಿಜವಲ್ಲವೆಂದು ಗೊತ್ತಿದ್ದೂ ಒಂದು ಸಂಗತಿಯನ್ನು ನಿಜವೆಂದು ಹೇಳಿ ಒಪ್ಪಿಗೆ ಪಡೆಯುವುದನ್ನು ವಂಚನೆ ಎನ್ನುತ್ತದೆ, ಮತ್ತು ಅದನ್ನು ಕರಾರಿನ ಪಕ್ಷಕಾರನ ಬದಲು ಅವನ ಏಜೆಂಟ್ ಹೇಳಿದರೂ ವಂಚನೆಯೇ. 19ನೆಯ ಕಲಮಿನಂತೆ ಅಂಥ ಕರಾರನ್ನು ಮೋಸಹೋದವರು ರದ್ದುಪಡಿಸಬಹುದು. ಕಾಗದದ ಮೇಲೆ ಇದು ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿಯೆಲ್ಲಿ? ದುಬೈ ಪಾರ್ಟಿ ಇರಲಿಲ್ಲ ಎಂಬುದನ್ನು ತೋರಿಸುವುದು ಹೇಗೆ? “ಇದ್ದರು, ಆಮೇಲೆ ಮನಸ್ಸು ಬದಲಿಸಿದರು” ಎಂದರೆ ಮುಗಿಯಿತು. ದಲ್ಲಾಳಿ ಒಡೆಯರ ಏಜೆಂಟರೇ ಅಲ್ಲ, ಕಮಿಷನ್ ಎರಡೂ ಕಡೆಯಿಂದ ಬಂದಿದೆ ಎಂಬ ವಾದವೂ ಏಳುತ್ತದೆ.

2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ನಾವು ರೇರಾ ಎನ್ನುವುದು, ಏಜೆಂಟರು ನೋಂದಣಿ ಮಾಡಿಸಿಕೊಳ್ಳಬೇಕು, ಲೆಕ್ಕಪತ್ರ ಇಡಬೇಕು, ದಾರಿತಪ್ಪಿಸುವ ಹೇಳಿಕೆಗಳನ್ನು ಕೊಡಬಾರದು ಎಂದು ವಿಧಿಸುತ್ತದೆ. ಅದರ ಹಿಡಿತ ಇರುವುದು ನೋಂದಣಿಯಾದ ಯೋಜನೆಗಳ ಮಾರಾಟದ ಮೇಲೆ. ಐದು ಸೆಂಟ್ಸ್ ಜಾಗದಲ್ಲಿರುವ ಇಪ್ಪತ್ತು ವರ್ಷ ಹಳೆಯ ಮನೆಯನ್ನು ಅದರ ಒಡೆಯರು ನಿಮಗೆ ಮಾರುವಾಗ ಅದು ಬಹುಮಟ್ಟಿಗೆ ದೂರವೇ ಉಳಿಯುತ್ತದೆ. ಆದರೆ ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ಈ ಕಾಯ್ದೆಯಿಂದ ಒಂದು ಬಹಳ ಉಪಯುಕ್ತವಾದ ಸೌಲಭ್ಯವಿದೆ, ಅದನ್ನು ಬಳಸುವವರು ಮಾತ್ರ ಕಡಿಮೆ. 11ನೆಯ ಕಲಮಿನ ಪ್ರಕಾರ ಬಿಲ್ಡರ್ ತನ್ನ ಯೋಜನೆಯಲ್ಲಿ ಎಷ್ಟು ಫ್ಲ್ಯಾಟುಗಳು ಬುಕ್ ಆಗಿವೆ ಎಂಬ ಮಾಹಿತಿಯನ್ನು ಮೂರು ತಿಂಗಳಿಗೊಮ್ಮೆ ರೇರಾ ಜಾಲತಾಣದಲ್ಲಿ ಹಾಕಬೇಕು. “ಮೂರನೆಯ ಮಹಡಿಯಲ್ಲಿ ಒಂದೇ ಫ್ಲ್ಯಾಟ್ ಉಳಿದಿದೆ, ಅದಕ್ಕೂ ಇಬ್ಬರು ಕಾಯುತ್ತಿದ್ದಾರೆ” ಎಂದು ಸೈಟ್ ಆಫೀಸಿನಲ್ಲಿ ಹೇಳಿದಾಗ ಮೊಬೈಲಿನಲ್ಲೇ ಕರ್ನಾಟಕ ರೇರಾದ ಜಾಲತಾಣ ತೆರೆದು, ಯೋಜನೆಯ ನೋಂದಣಿ ಸಂಖ್ಯೆ ಹಾಕಿ, ಅಲ್ಲಿಯ ಸಂಖ್ಯೆಯನ್ನು ಎದುರಿಗಿಟ್ಟು ಮಾತನಾಡಿ. ಆ ಸಂಖ್ಯೆ ಎರಡು ಮೂರು ತಿಂಗಳು ಹಳೆಯದಿರಬಹುದು. ಆದರೂ ನಲವತ್ತರಲ್ಲಿ ಇಪ್ಪತ್ತೈದು ಖಾಲಿ ಇದ್ದ ಕಟ್ಟಡ ಅಷ್ಟರೊಳಗೆ ಪೂರ್ತಿ ತುಂಬಿತೆಂದರೆ ವಿವರಣೆ ಕೇಳುವ ಹಕ್ಕು ನಿಮಗಿದೆ.

ಹಳೆಯ ಮನೆಯ ವಿಚಾರದಲ್ಲಿ ಅಂಥ ಜಾಲತಾಣವಿಲ್ಲ, ಆದರೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಇನ್ನೊಂದು ಪಾರ್ಟಿಯ ಅಗ್ರಿಮೆಂಟ್ ಈಗಾಗಲೇ ಆಗಿದೆಯೆಂದು ಹೇಳಿದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ ನೋಡಿ, ನೋಂದಣಿಯಾದ ಅಗ್ರಿಮೆಂಟ್ ಅದರಲ್ಲಿ ಕಾಣುತ್ತದೆ, ಬರೀ ಸ್ಟ್ಯಾಂಪ್ ಪೇಪರಿನಲ್ಲಿ ಬರೆದದ್ದು ಕಾಣುವುದಿಲ್ಲ. ಆಫರ್ ಮಾತ್ರ ಬಂದಿದೆ ಎಂದಾದರೆ ಒಂದು ಸಣ್ಣ ಕೆಲಸ ಮಾಡಿ. ಫೋನಿನಲ್ಲಿ ಹೌದು ಅಲ್ಲ ಎನ್ನಬೇಡಿ. “ಆಯಿತು, ಅವರ ಆಫರ್ ಎಷ್ಟು, ಟೋಕನ್ ಯಾವಾಗ, ಸಾಲವೋ ಕೈಹಣವೋ ಎಂಬುದನ್ನು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಬರೆದು ಕಳುಹಿಸಿ, ಮನೆಯವರೊಡನೆ ಮಾತನಾಡುತ್ತೇನೆ” ಎನ್ನಿ. ಪಾರ್ಟಿ ನಿಜವಾಗಿದ್ದರೆ ಬರೆಯಲು ಅಡ್ಡಿಯೇನೂ ಇಲ್ಲ, ಹೆಸರು ಕೇಳುತ್ತಿಲ್ಲವಲ್ಲ. ಪಾರ್ಟಿ ಇಲ್ಲದಿದ್ದರೆ ಬರುವ ಉತ್ತರಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ: “ಅದೆಲ್ಲ ಬರೆಯುವುದು ಬೇಡ ಸರ್, ನಂಬಿಕೆಯ ಮೇಲೆ ಹೇಳುವುದು”, “ಒಡೆಯರು ಬೇಡ ಅಂದಿದ್ದಾರೆ”, ಅಥವಾ ಎರಡು ದಿನದ ಮೌನ, ಆಮೇಲೆ “ಆ ಪಾರ್ಟಿಗೆ ಸ್ವಲ್ಪ ತಡ ಉಂಟಂತೆ, ನೀವು ಏನು ಮಾಡ್ತೀರಿ?” ಬರೆದು ಕಳುಹಿಸಿದರೆ ಮೇಲೆ ಹೇಳಿದ ಕರಾರು ಕಾಯ್ದೆಗೆ ಬೇಕಾದ ಸಾಕ್ಷಿಯೂ ನಿಮ್ಮ ಫೋನಿನಲ್ಲಿ ಉಳಿಯುತ್ತದೆ.

ಇಲ್ಲಿ ಒಂದು ಸ್ಥಳೀಯ ಸಂಗತಿಯನ್ನು ಸೇರಿಸಬೇಕು. ನಮ್ಮ ಕರಾವಳಿಯಲ್ಲಿ ಮನೆ ನೋಡುವವರ ಗುಂಪಿಗೆ ಋತುವಿದೆ. ಕೊಲ್ಲಿಯಿಂದಲೂ ಮುಂಬೈಯಿಂದಲೂ ರಜೆಗೆ ಜನ ಬರುವ ಏಪ್ರಿಲ್, ಮೇ ಮತ್ತು ಡಿಸೆಂಬರ್‌ನಲ್ಲಿ ಇನ್ನೊಂದು ಪಾರ್ಟಿ ಇರುವ ಸಂಭವ ನಿಜವಾಗಿಯೂ ಹೆಚ್ಚು, ಹದಿನೈದು ದಿನದೊಳಗೆ ಮುಗಿಸಿ ಹೋಗಬೇಕೆಂಬ ಅವರ ಅವಸರವೂ ನಿಜ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ತುಳುವ ಕುಟುಂಬಗಳು ಹೊಸ ವ್ಯವಹಾರಕ್ಕೆ ಕೈಹಾಕುವುದು ಕಡಿಮೆ. ಆಟಿಯ ಜಡಿಮಳೆಯಲ್ಲಿ ಮೂರು ಪಾರ್ಟಿಗಳು ಟೋಕನ್ ಹಿಡಿದು ಸಾಲುನಿಂತಿದ್ದಾರೆಂದು ಯಾರಾದರೂ ಹೇಳಿದರೆ ನಾನಂತೂ ನಿಧಾನವಾಗಿ ಚಹಾ ಕುಡಿಯುತ್ತೇನೆ. (ಮನೆ ನೋಡುವುದಕ್ಕೆ ಆಟಿಗಿಂತ ಒಳ್ಳೆಯ ತಿಂಗಳೇ ಇಲ್ಲ, ಯಾವ ಗೋಡೆ ಜಿನುಗುತ್ತದೆ, ಅಂಗಳದ ನೀರು ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಆಗ ಯಾರೂ ಮುಚ್ಚಿಡಲಾರರು.)

ಇಷ್ಟೆಲ್ಲ ಮಾಡಿದ ಮೇಲೆ ಪಾರ್ಟಿ ನಿಜವೆಂದೇ ತಿಳಿಯಿತೆಂದಿಟ್ಟುಕೊಳ್ಳಿ. ಆಗ ಬೆಲೆ ಏರಿಸಬೇಕೇ? ಹೆಚ್ಚಿನವರು ಐದು ಲಕ್ಷವನ್ನು ಎಂಬತ್ತು ಲಕ್ಷದ ಪಕ್ಕದಲ್ಲಿಟ್ಟು ನೋಡಿ, ಶೇಕಡಾ ಆರರಷ್ಟು ತಾನೇ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಬ್ಯಾಂಕಿನ ಮೇಜಿನ ಈಚೆ ಬದಿಯಿಂದ ಅದು ಹಾಗೆ ಕಾಣುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದ ಮೇಲಿನ, 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇಕಡಾ 80ನ್ನು ಮೀರುವಂತಿಲ್ಲ. ನಮ್ಮ ಮೌಲ್ಯಮಾಪಕರು ಆ ಮನೆಗೆ 80 ಲಕ್ಷ ಕಟ್ಟಿದರೆ ಸಾಲ ಹೆಚ್ಚೆಂದರೆ 64 ಲಕ್ಷ, ನಿಮ್ಮ ಕೈಯಿಂದ 16 ಲಕ್ಷ. ನೀವು ಇನ್ನೊಂದು ಪಾರ್ಟಿಯನ್ನು ಹಿಂದಿಕ್ಕಲು 85ಕ್ಕೆ ಒಪ್ಪಿದಿರಿ. ಮೌಲ್ಯಮಾಪಕರಿಗೆ ದುಬೈ ಪಾರ್ಟಿಯ ಸಂಬಂಧವಿಲ್ಲ, ಅವರ ವರದಿ 80ರಲ್ಲೇ ನಿಲ್ಲುತ್ತದೆ, ಸಾಲವೂ 64ರಲ್ಲೇ ನಿಲ್ಲುತ್ತದೆ, ಏರಿದ ಐದೂ ಲಕ್ಷ ನಿಮ್ಮ ಕೈಹಣದ ಮೇಲೆ ಬೀಳುತ್ತದೆ. ಹದಿನಾರು ಇದ್ದದ್ದು ಇಪ್ಪತ್ತೊಂದಾಯಿತು: ಅದು ಶೇಕಡಾ 31ರ ಏರಿಕೆ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳು ಇದರ ಹೊರಗೆ. ಅವಕ್ಕೂ ಸಾಲ ಸಿಗುವುದಿಲ್ಲ. ಈ ವ್ಯತ್ಯಾಸವನ್ನು ತುಂಬಲು ಚಿನ್ನ ಅಡವಿಟ್ಟವರನ್ನೂ ಹೆಚ್ಚು ಬಡ್ಡಿಯ ವೈಯಕ್ತಿಕ ಸಾಲ ತೆಗೆದವರನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಮನೆ ನೋಡಿ ಬಂದ ದಿನವೇ, ಯಾವ ಫೋನೂ ಬರುವ ಮೊದಲು, ಆ ಪ್ರದೇಶದಲ್ಲಿ ಸೆಂಟ್ಸಿಗೆ ನಡೆಯುತ್ತಿರುವ ದರ, ಕಟ್ಟಡದ ವಯಸ್ಸು ಮತ್ತು ನಿಮ್ಮ ಕೈಹಣ ಈ ಮೂರನ್ನು ಇಟ್ಟುಕೊಂಡು ನಿಮ್ಮ ಮೇಲ್ಮಿತಿಯನ್ನು ಬರೆದಿಡಿ. ಆ ಮೇಲ್ಮಿತಿಯೊಳಗೆ ಸ್ವಲ್ಪ ಏರಿಸುವುದು ವ್ಯವಹಾರ, ಅದನ್ನು ದಾಟುವುದು ಬೇರೆಯವರ ಲೆಕ್ಕಕ್ಕೆ ನಮ್ಮ ಹಣ ಕಟ್ಟುವುದು.

ಟೋಕನ್ ಬಗ್ಗೆ ಎರಡೇ ಮಾತು. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ. ರಾತ್ರಿ ಎಂಟು ಗಂಟೆಗೆ ಲಕ್ಷ ರೂಪಾಯಿ ನಗದು ತನ್ನಿ ಎಂದರೆ ಆ ಒಂದು ಕಾರಣಕ್ಕೇ ನಿಲ್ಲಿಸಬಹುದು. ಕೊಡುವುದೇ ಆದರೆ ಒಡೆಯರ ಖಾತೆಗೆ ಕೊಡಿ, ದಲ್ಲಾಳಿಯ ಖಾತೆಗಲ್ಲ, ಮತ್ತು ದಾಖಲೆ ಸರಿಯಿಲ್ಲದಿದ್ದರೆ ಅಥವಾ ಸಾಲ ಸಿಗದಿದ್ದರೆ ಹಣ ಮರಳಿಸಬೇಕೆಂಬ ಸಾಲು ರಸೀದಿಯಲ್ಲಿರಲಿ.

ಬೇರೆ ದೇಶಗಳು ಈ ತೊಡಕನ್ನು ಹೇಗೆ ಬಿಡಿಸಿವೆ ಎಂದು ಸಭಿಕರೊಬ್ಬರು ಕೇಳಿದರು. ನಾರ್ವೆಯಲ್ಲಿ 2014ರಿಂದ ಮನೆಯ ಆಫರುಗಳೆಲ್ಲ ಲಿಖಿತವಾಗಿರಬೇಕು, ಏಜೆಂಟರು ಅವುಗಳ ದಾಖಲೆ ಇಡಬೇಕು, ಮಾರಾಟ ಮುಗಿದ ಮೇಲೆ ಕೊಂಡವರಿಗೆ ಆ ದಾಖಲೆಯ ಪ್ರತಿ ಸಿಗುತ್ತದೆ. ಸೋತವರೂ ಹೆಸರು ಮರೆಮಾಡಿದ ಪ್ರತಿಯನ್ನು ಕೇಳಿ ಪಡೆಯಬಹುದು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2015ರಿಂದ, ಸಹಿ ಹಾಕಿದ ಲಿಖಿತ ಆಫರ್ ಕೈಯಲ್ಲಿಲ್ಲದೆ ‘ಆಫರ್ ಬಂದಿದೆ’ ಎಂದು ಏಜೆಂಟರು ಹೇಳುವಂತಿಲ್ಲ. ನಮ್ಮಲ್ಲಿ ಇಂಥ ನಿಯಮ ಮರುಮಾರಾಟಕ್ಕೂ ಬರಬೇಕೆಂಬುದು ನನ್ನ ಅಭಿಪ್ರಾಯ. ಒಳ್ಳೆಯ ದಲ್ಲಾಳಿಗಳಿಗೆ ಇದರಿಂದ ಲಾಭವೇ, ಏಕೆಂದರೆ ಅವರು ಹೇಳುವ ನಿಜವನ್ನು ಈಗ ಯಾರೂ ನಂಬುವುದಿಲ್ಲ.

ಕೊನೆಯ ಪ್ರಶ್ನೆ ಒಬ್ಬ ಮಹಿಳೆಯಿಂದ ಬಂತು: ಹೀಗೆಲ್ಲ ಕಾಯುತ್ತ ಕುಳಿತು, ಪಾರ್ಟಿ ನಿಜವೇ ಆಗಿ, ಮನೆ ಕೈತಪ್ಪಿದರೆ? ತಪ್ಪಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಟೋಕನ್ ಆದ ವ್ಯವಹಾರಗಳೆಲ್ಲ ನೋಂದಣಿಯವರೆಗೆ ಹೋಗುವುದಿಲ್ಲ. ನಿಮ್ಮ ಬೆಲೆಯನ್ನು ಏರಿಸದೆ, ಇಳಿಸದೆ, ದಲ್ಲಾಳಿಗೆ ಲಿಖಿತವಾಗಿ ತಿಳಿಸಿ, ಆ ವ್ಯವಹಾರ ಮುರಿದರೆ ಫೋನ್ ಮಾಡಿ ಎಂದು ಬಿಡಿ. ಫೋನ್ ಬಂದರೆ ಸಂತೋಷಪಡುವ ಮೊದಲು, ಆ ಪಾರ್ಟಿ ಏಕೆ ಹಿಂದೆ ಸರಿಯಿತು ಎಂದು ಕೇಳಿ. ಅವರಿಗೆ ಸಾಲ ಸಿಗಲಿಲ್ಲವೆಂದರೆ ಯಾವ ಕಾರಣಕ್ಕೆ ಸಿಗಲಿಲ್ಲ, ಅವರ ಆದಾಯ ಸಾಲದೆಯೋ ಅಥವಾ ಮನೆಯ ದಾಖಲೆ ಸಾಲದೆಯೋ? ಭೂಪರಿವರ್ತನೆ ಆಗಿದೆಯೇ, ಪಂಚಾಯತ್ ವ್ಯಾಪ್ತಿಯ ಮನೆಯಾದರೆ 9/11, ಅಂದರೆ ಪಂಚಾಯತ್ ಕೊಡುವ ಆಸ್ತಿಯ ನಮೂನೆಗಳು, ಸರಿಯಿದೆಯೇ, ನಗರದ ಮನೆಯಾದರೆ ಇ-ಖಾತೆ ಯಾರ ಹೆಸರಿನಲ್ಲಿದೆ, ಜಾಗ ಮೂಲಗೇಣಿಯದೇ (ಅಂದರೆ ಶಾಶ್ವತ ಗೇಣಿಯ ಮೇಲೆ ಪಡೆದದ್ದೇ), ಮುಂಬೈಯಲ್ಲಿರುವ, ಮನೆಯಲ್ಲಿ ಪಾಲಿರುವ ಒಡೆಯರ ಅಕ್ಕನ ಸಹಿ ಬಂದಿದೆಯೇ? ಮೊದಲಿನ ಪಾರ್ಟಿ ತನ್ನ ಖರ್ಚಿನಲ್ಲಿ ಮಾಡಿಸಿದ ವಕೀಲರ ಅಭಿಪ್ರಾಯದ ಪ್ರತಿ ಒಡೆಯರ ಬಳಿ ಇರುವ ಸಾಧ್ಯತೆ ಇದೆ, ಅದನ್ನು ಕೇಳಿ ಪಡೆದು ನಿಮ್ಮ ವಕೀಲರ ಕೈಗೆ ಕೊಡಿ.